ರುವಾಂಡಾದ ಹುಡುಗಿ ಕೊಟ್ಟ ಹಸು

ನನ್ನ ಓದು ಅಷ್ಟಕ್ಕಷ್ಟೇ. ರುವಾಂಡಾ ಎಂಬ ದೇಶ ಇದೆಯೆಂದು ತಿಳಿದದ್ದೇ ದಾವಣಗೆರೆಯಲ್ಲಿ ಓದುವ ಮೊಮ್ಮಗಳು ತನ್ನ ಹಾಸ್ಟೆಲ್ ಗೆಳತಿಯನ್ನು ನ್ಯಾಮತಿಯ ನಮ್ಮ ಮನೆಗೆ ಕರೆತಂದ ದಿನ. ಎತ್ತರದ ಹುಡುಗಿ. ಬಾಗಿಲು ತಲೆಗೆ ತಾಗದಿರಲೆಂದು ಬಗ್ಗಿ ಬಂದಳು. ಕಾಲಿಗೆ ಬೀಳುತ್ತಿದ್ದಾಳೆಂದುಕೊಂಡು ನಾನು ಹರಸಿಯೇಬಿಟ್ಟೆ.

"ಇವ್ರ ಮಾತು ಬಾಂಟು ಭಾಷೆ ಪೈಕಿ ಅಜ್ಜಿ," ಎಂದಳು ಮೊಮ್ಮಗಳು.

"ಬಂಟರಾ? ಮಂಗಳೂರು ಕಡೇರು ಅನ್ನು."

"ಅಯ್ಯೋ, ಆಫ್ರಿಕಾ ಕಣಜ್ಜಿ!"

ಆಗ ನನಗಿದ್ದ ಚಿಂತೆ ಒಂದೇ. ನಮ್ಮ ಹಸು ಮುದಿಯಾಗಿ ಸತ್ತ ಮೇಲೆ ಸೊಸೆ ಕೊಟ್ಟಿಗೆಯಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದಳು. ಪ್ಯಾಕೆಟ್ ಹಾಲಿನ ಚಹಾ ನನಗೆ ಸೇರದು. ಇನ್ನೊಂದು ಹಸು ತರೋಣವೆಂದರೆ, "ಸಗಣಿ ಬಾಚೋರು ಯಾರು?" ಎನ್ನುತ್ತಿದ್ದಳು.

ಹುಡುಗಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹೊಟ್ಟೆ ತುಂಬ ಉಂಡು, ನನ್ನ ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಅಂದಳು. ಕೊನೆಯಲ್ಲಿ "ಇಂಕಾ" ಎಂದದ್ದು ಮಾತ್ರ ಕಿವಿಗೆ ಬಿತ್ತು.

"ಇಂಕಾ ಅಂದ್ರೆ ಹಸು. ನಿನಗೆ ಹಸು ಕೊಟ್ಟೆ ಅಂತಾಳೆ," ಎಂದ ಮೊಮ್ಮಗಳು, ಬಸ್ಸಿಗೆ ಹೊತ್ತಾಯಿತೆಂದು ಅವಳನ್ನು ಎಳೆದುಕೊಂಡು ಹೋದಳು.

ರೊಟ್ಟಿಗೆ ಹಸು! ಸಾಹುಕಾರರ ಮಗಳಿರಬೇಕು. ಅವತ್ತೇ ಸ್ಕೂಟರನ್ನು ಬೀದಿಗೆ ಹಾಕಿಸಿದೆ. ಸವಳಂಗದಿಂದ ಒಂದು ಗಾಡಿ ಹುಲ್ಲು ತರಿಸಿದೆ.

"ಪುಕ್ಕಟೆ ಹಸು ಯಾರು ಕೊಡ್ತಾರತ್ತೆ?" ಎಂದಳು ಸೊಸೆ.

"ನೀನಂತೂ ಕೊಡ್ಲಿಲ್ಲ."

ವಾರ ಕಳೆದರೂ ಹಸು ಬರಲಿಲ್ಲ. ಮೊಮ್ಮಗಳಿಗೆ ಫೋನ್ ಹಚ್ಚಿಸಿ, ಯಾವ ಬಣ್ಣದ್ದು, ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ಅವ್ರಲ್ಲಿ ಹಸುಗಿಂತ ದೊಡ್ಡದು ಏನೂ ಇಲ್ಲಜ್ಜಿ. ಭಾಳ ಉಪಕಾರ ಆತು ಅನ್ನಾಕೆ ಹಂಗಂತಾರೆ, ಅಷ್ಟೇ. ಹಸು ಗಿಸು ಏನೂ ಬರಂಗಿಲ್ಲ."

"ಹಂಗಾರೆ ನಾನೂ ಆಕಿಗೆ ನೂರು ಹಸು ಕೊಟ್ಟೆ ಅನ್ನು. ಮೇವು ಮಾತ್ರ ಆಕಿದೇ."

ಸೊಸೆ ಸ್ಕೂಟರನ್ನು ಒಳಗೆ ನೂಕಹೋದಳು. ಹುಲ್ಲು ಅಡ್ಡ. ಅಷ್ಟರಲ್ಲಿ ಎರಡು ಹಸು ಕಟ್ಟಿರುವ ಪಕ್ಕದ ಮನೆಯವನು ಇಣುಕಿದ.

"ಆ ಹುಲ್ಲು ನಾನು ಒಯ್ಯಲೇನ್ರಿ ಅಜ್ಜಿ?"

"ಒಯ್ಯಿ. ಹುಲ್ಲು ತೀರೋತನಕ ದಿನಾ ಒಂದು ಚೊಂಬು ಹಾಲು ತಂದ್ಕೊಡು. ಬಾಯಿಮಾತಿನ ಹಾಲಲ್ಲ, ಕರೆದ ಹಾಲು."

ಮಾರನೆಯ ಬೆಳಗ್ಗೆ ತಂದ. ನೀರು ಬೆರೆಸಿದ್ದ, ಕಳ್ಳ. ಆದರೂ ಪ್ಯಾಕೆಟ್ಟಿನದಕ್ಕಿಂತ ವಾಸಿ.