ಸೂಜಿಯಕ್ಕನ ಮಗಳಿಗೆ ಹೊಲಿದ ಗೌನು

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದವಳು ಎಂದು ಸೂಜಿಯಕ್ಕನನ್ನು ಕೇರಿಯವರು ರೇಗಿಸುತ್ತಿದ್ದರು. ರೇಗಿಸುವಂಥದ್ದನ್ನೇ ಮಾಡಿದ್ದಳು, ಬಿಡಿ. ಮಗಳು ಕಾಲೇಜು ಸೇರಿದ ವಾರವೇ ಪದವಿ ಪ್ರದಾನದ ಕರಿ ಗೌನು ಹೊಲಿದು, ಹುಡುಗಿ ಇನ್ನೂ ಬೆಳೆದಾಳು ಎಂದು ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಚಿಟ್ಟಿದ್ದಳು. ಕಾಲೇಜಿನ ಗೌನುಗಳೆಲ್ಲ ಅವಳ ಮಿಷನ್ನಿನಲ್ಲೇ ಹುಟ್ಟುತ್ತಿದ್ದವು. ಆದರೆ ಗಡಿಯಾಚೆಯಿಂದ ಬಂದು ನೆಲೆಸಿದ, ಮನೆಯಲ್ಲಿ ಬೇರೆ ನುಡಿಯಾಡುವ ಅವಳ ಜನರಲ್ಲಿ ಯಾರೂ ಅದನ್ನು ತೊಟ್ಟಿರಲಿಲ್ಲ. ಈ ಸಲ ಮಾತ್ರ ಕೇರಿಯ ಮಕ್ಕಳ ದಂಡೇ ಕಾಲೇಜಿಗೆ ಹೋಗಿತ್ತು.

ಪದವಿ ಪ್ರದಾನದ ಬೆಳಿಗ್ಗೆ ಸಭಾಂಗಣದ ಪಕ್ಕದ ಕೋಣೆಯಲ್ಲಿ ಅವಳು ಹುಡುಗ ಹುಡುಗಿಯರಿಗೆ ಗೌನು ತೊಡಿಸಿ, ಭುಜಕ್ಕೆ ಪಿನ್ನು ಹಾಕುತ್ತಿದ್ದಳು. ಮಗಳ ಗೌನು ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಸಾಲು ಕರಗುತ್ತ ಬಂತು. ಕೇರಿಯ ಮುಖ ಒಂದೂ ಕಾಣಲಿಲ್ಲ, ಮಗಳೂ ಬರಲಿಲ್ಲ. "ಕೋರ್ಸು ಮುಗೀತಮ್ಮ" ಎಂದು ಅವಳು ಹೇಳಿದ್ದಳಲ್ಲ!

ಆಗ ಗೌನಿನ ಕೊರಳಪಟ್ಟಿ ಸರಿಮಾಡಿಸಿಕೊಳ್ಳಲು ಒಬ್ಬ ಮೇಷ್ಟ್ರು ಬಂದರು. ಹೊಸದಾಗಿ ಸೇರುವ ಮಕ್ಕಳಿಗೆ ಯಾವ ಕೋರ್ಸು ಸರಿಹೋಗುತ್ತದೆ ಎಂದು ಸಲಹೆ ಕೊಡುವವರು ಅವರೇ.

"ಸಾರ್, ನಮ್ಮ ಕೇರಿ ಮಕ್ಕಳು ಇನ್ನೂ ಬಂದಿಲ್ಲ."

"ಅವರೆಲ್ಲ ಸರ್ಟಿಫಿಕೇಟ್ ಕೋರ್ಸಿನವರಲ್ವಾ? ಅದಕ್ಕೆ ಗೌನಿಲ್ಲಮ್ಮ. ನಿಮ್ಮ ಮಗಳನ್ನ ಹೊಲಿಗೆಗೆ ಹಾಕಿಸಿದ್ದೂ ನಾನೇ. ನಿಮ್ಮವರಿಗೆ ಕೈಕೆಲಸ ಚೆನ್ನಾಗಿ ಒಗ್ಗುತ್ತೆ. ಪದವಿಗೆ ಸೇರಿ ಫೇಲಾಗಿ ಯಾಕೆ ಅಳ್ಬೇಕು, ಪಾಪ."

ಹೊಲಿಗೆ! ಮಗಳು ತೊಟ್ಟಿಲಲ್ಲೇ ಮಿಷನ್ನಿನ ಸದ್ದು ಕೇಳಿ ಕಲಿತ ಹೊಲಿಗೆಯನ್ನು ಕಲಿಸಲು ಕಾಲೇಜು ಬೇಕಿತ್ತೇ? ಮೇಷ್ಟ್ರ ಮಾತಿನಲ್ಲಿ ವಿಷವಿರಲಿಲ್ಲ, ಅಕ್ಕರೆಯೇ ಇತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮಗಳು ಸಿಕ್ಕಿದ್ದು ಸಭಾಂಗಣದ ಹಿಂಬಾಗಿಲಲ್ಲಿ. ಕೇರಿಯ ಮಕ್ಕಳೆಲ್ಲ ಅಲ್ಲೇ ಇದ್ದರು, ಅತಿಥಿಗಳಿಗೆ ಕುರ್ಚಿ ಹೊರುತ್ತಿದ್ದರು.

"ನನಗ್ಯಾಕೆ ಹೇಳ್ಲಿಲ್ಲ?"

"ಗೌನು ಹೊಲಿದಿಟ್ಟಿದ್ದೆಯಲ್ಲಮ್ಮ. ಬಾಯೇ ಬರ್ಲಿಲ್ಲ."

"ಮಾರ್ಕ್ಸು ಕಮ್ಮಿ ಬಿದ್ದಿತ್ತಾ?"

ಹುಡುಗಿ ಕುರ್ಚಿ ಕೆಳಗಿಟ್ಟಳು.

"ಮಾರ್ಕ್ಸು ನೋಡಿದ್ರೆ ತಾನೆ? ಯಾವ ಕೇರಿ ಅಂತ ಕೇಳಿದ್ರು. ಹೇಳ್ದೆ. ಅಷ್ಟೇ."