ಗೋಡೆ ಮುಳುಗುವ ಹೊತ್ತು

ಮೊಣಕಾಲವರೆಗಿನ ಹಸಿರು ರಬ್ಬರ್ ಬೂಟು, ಅದರ ಮೇಲೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ನೂಲಿನ ಸೀರೆ. ಕೊಲ್ಲಿಯ ಕೆಸರಿನಲ್ಲಿ ಹಾಗೆ ನಿಲ್ಲುತ್ತಿದ್ದ ಆಂಟಿ ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾರೆ. ಅಮೆರಿಕದ ಜರ್ಮನ್‌ಟೌನಿನಲ್ಲಿ ನಮ್ಮ ಕೆಳಗಿನ ಮನೆಯವರು. ನನ್ನ ಅಡುಗೆ ಸೀದ ವಾಸನೆ ಬಂದರೆ ಸಾಕು, ಒಂದು ಡಬ್ಬಿ ಹುಳಿ ತಂದಿಟ್ಟು, "ಓದಿದ್ದೆಲ್ಲಾ ವೇಸ್ಟು ಕಣೋ" ಎಂದು ಬೈದು ಹೋಗುವವರು.

2020ರ ಬೇಸಿಗೆಯಲ್ಲಿ ಅವರ ಗಂಡ, ನಮ್ಮ ಅಂಕಲ್, ತೀರಿಕೊಂಡರು. ಕೊರೊನಾ ಕಾಲ, ವಿಮಾನಗಳಿಲ್ಲ, ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವಂತಿಲ್ಲ. ಮಕ್ಕಳಿಲ್ಲದ ಅವರಿಗೆ ನಾನೇ ನಿಂತೆ. ಅಂಕಲ್‌ಗೆ ಇಷ್ಟವಾಗಿದ್ದ ಚೆಸಪೀಕ್ ಕೊಲ್ಲಿಯ ಒಂದು ದಡಕ್ಕೆ ಹೋದೆವು. ಹಿಂದಿನವರು ಮೀನು ಹಿಡಿಯಲು ಕಟ್ಟಿದ ಕಲ್ಲುಗೋಡೆ ಅಲ್ಲಿದೆ. ಉಬ್ಬರದಲ್ಲಿ ಗೋಡೆ ಮುಳುಗಿ ಮೀನು ಒಳಗೆ ಬರುತ್ತದೆ. ಇಳಿತದಲ್ಲಿ ನೀರು ಸಂದಿಯಿಂದ ಹೊರಟುಹೋಗುತ್ತದೆ, ಮೀನು ಉಳಿಯುತ್ತದೆ. ನಾನು ಮಹಾ ಜಾಣ, ಪಂಚಾಂಗ ನೋಡಿ, ಶನಿವಾರದ ರಾಹುಕಾಲ ಕಳೆಯಲೆಂದು ಹತ್ತೂವರೆವರೆಗೆ ಕಾದೆ. ಉಬ್ಬರ ಇಳಿತದ ವೇಳೆ ನೋಡಲಿಲ್ಲ. ಗೋಡೆ ನೀರೊಳಗಿತ್ತು; ಕಾಣದೆ ಹೂವು, ಅಸ್ಥಿ ಎಲ್ಲವನ್ನೂ ಅದರ ಒಳಬದಿಗೇ ಬಿಟ್ಟೆ.

ಆಂಟಿ ದಡ ಬಿಟ್ಟು ಏಳಲಿಲ್ಲ. ಸಂಜೆ ನೀರಿಳಿದಾಗ ಗೋಡೆಯ ಒಳಗೆ ನಮ್ಮ ಚೆಂಡುಹೂವೆಲ್ಲ ಕೆಸರಿಗೆ ಅಂಟಿಕೊಂಡಿತ್ತು. ನಡುವೆ ಬೆಳ್ಳಗೆ ಅಸ್ಥಿಯ ಚೂರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಒಂದೆರಡು ಕಲ್ಲು ತೆಗೀತೀನಿ ಆಂಟಿ, ಹೋಗ್ಲಿ ಆಚೆಗೆ."

"ಬೇಡ. ಯಾರೋ ಕಷ್ಟಪಟ್ಟು ಕಟ್ಟಿದ್ದು." ಆಮೇಲೆ ನಕ್ಕರು. "ಇವ್ರು ಯಾರ ಮನೆಯಿಂದ ಬೇಗ ಹೊರಟಿದ್ದಾರೆ ಹೇಳು? ಬಾಗಿಲಲ್ಲಿ ನಿಂತು ಒಂದು ಗಂಟೆ ಮಾತಾಡ್ದೆ ಬರ್ತಾನೇ ಇರ್ಲಿಲ್ಲ."

ಆ ನಗು ಕಾರಿನವರೆಗೂ ಉಳಿಯಲಿಲ್ಲ. ಆಮೇಲೆ ಪ್ರತಿ ತಿಂಗಳೂ, "ಡ್ರೈವ್ ಮಾಡ್ತೀಯೇನೋ?" ಎಂದು ಬಾಗಿಲು ತಟ್ಟುತ್ತಿದ್ದರು. ಇಳಿತದಲ್ಲಿ ಗೋಡೆಯೊಳಗೆ ನಿಂತು ಕಿವಿಗೊಡುತ್ತಿದ್ದರು. ಕಲ್ಲಿನ ಸಂದಿಯಲ್ಲಿ ನೀರು ನುಸುಳುವಾಗ ಒಂದು ಸದ್ದು. ಊಟ ಮುಗಿಸಿ ಅಂಕಲ್ ಗಂಟಲು ಸರಿಮಾಡಿಕೊಳ್ಳುತ್ತಿದ್ದದ್ದೂ ಹಾಗೆಯೇ. "ಕೇಳಿಸ್ತಾ?" ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಸುಳ್ಳು. ಭಯವಾಗುತ್ತಿತ್ತು.

ಹೋದ ವರ್ಷ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನನ್ನನ್ನ ಸರಿಯಾದ ಹೊತ್ತಿಗೆ ಬಿಟ್ಟುಬಿಡಬೇಡ. ಅವತ್ತು ಮಾಡಿದ ತಪ್ಪನ್ನೇ ಮಾಡು" ಎಂದರು.

ಈ ಸಲ ಪಂಚಾಂಗ ತೆರೆಯಲಿಲ್ಲ. ಉಬ್ಬರದ ವೇಳೆ ನೋಡಿಕೊಂಡು ಹೊರಟೆ. ಗೋಡೆ ಪೂರ್ತಿ ಮುಳುಗುವವರೆಗೆ ಕಾದು, ಅವರನ್ನೂ ಒಳಗೇ ಬಿಟ್ಟೆ. ಸಂಜೆ ನೀರಿಳಿಯಿತು. ಸಂದಿಯಿಂದ ಆ ಸದ್ದು ಬಂತು.

"ಕೇಳಿಸ್ತು ಆಂಟಿ" ಎಂದೆ.