ಕಿತ್ತಳೆ ತೋಟಕ್ಕೆ ಹೋಗದ ದಿನ

ಮೊನ್ನೆ ಶನಿವಾರ ನೈರೋಬಿಯ ಹೈರಿಡ್ಜಿನಲ್ಲಿರುವ ನಮ್ಮ ಮನೆ ಹತ್ತಿರದ ಹಣ್ಣಿನಂಗಡಿಯಾಕೆ ಕಿತ್ತಳೆಯೊಂದನ್ನು ಕತ್ತರಿಸಿ ನನ್ನ ಕೈಗೆ ಒಂದು ಹೋಳು ಕೊಟ್ಟು, "ತಾಮು ಸಾನಾ" ಎಂದಳು. ಸ್ವಾಹಿಲಿಯಲ್ಲಿ ತುಂಬಾ ಸಿಹಿ ಎಂದರ್ಥ. ನಿಜಕ್ಕೂ ಸಿಹಿಯಾಗಿಯೇ ಇತ್ತು. ಆದರೂ ಕಿತ್ತಳೆ ಸಿಹಿ ಎಂದು ಯಾರಾದರೂ ಹೇಳಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಕಾರಣ ತಿಳಿಯಬೇಕಾದರೆ ನೀವು ನನ್ನ ಜೊತೆ ರೋಮ್ ನಗರಕ್ಕೆ ಬರಬೇಕು. ಅದಕ್ಕೂ ಮೊದಲು ನಮ್ಮ ಕೆಳಗಿನ ಮನೆಗೆ.

ಕೆಳಗಿನ ಮನೆಯಲ್ಲಿ ಐರಿನ್ ಟೀಚರ್ ಮತ್ತು ಅವರ ಯಜಮಾನರು ಮಾರ್ಸೆಲ್ ಅಂಕಲ್ ಇದ್ದರು. ಮಂಗಳೂರಿನ ಕಡೆಯವರು. ಮದುವೆಯಾದ ಹೊಸದರಲ್ಲಿ ನೈರೋಬಿಗೆ ಬಂದು ಇಲ್ಲಿಯವರೇ ಆಗಿಹೋದವರು. ಟೀಚರ್ ಮೂವತ್ತೈದು ವರ್ಷ ಇಲ್ಲಿನ ಮಕ್ಕಳಿಗೆ ಚರಿತ್ರೆ ಕಲಿಸಿದರು. ನಿವೃತ್ತರಾದ ಮೇಲೆ ಕಲಿಸಲು ಯಾರೂ ಸಿಗದೆ ನನ್ನನ್ನು ಹಿಡಿದುಕೊಂಡರು. ಮೈಸೂರಿನಲ್ಲಿ ಚರಿತ್ರೆಯ ಪೇಪರನ್ನು ಎರಡನೇ ಸಲಕ್ಕೆ ದಾಟಿದವನು ನಾನು. ಭಾನುವಾರದ ಕಾಫಿಯ ಆಸೆಗೆ ಕೂತು ತಲೆಯಾಡಿಸುತ್ತಿದ್ದೆ. ಅಂಕಲ್ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಇರುತ್ತಿದ್ದರು. ಸ್ಟ್ರೋಕ್ ಆದಾಗಿನಿಂದ ಅವರಿಗೆ ಮಾತು ನಿಂತುಹೋಗಿತ್ತು. ಕೇಳಿಸಿಕೊಳ್ಳುತ್ತಿದ್ದರು, ಕಣ್ಣಿನಲ್ಲಿ ಉತ್ತರವೂ ಇರುತ್ತಿತ್ತು, ಶಬ್ದ ಮಾತ್ರ ಹೊರಡುತ್ತಿರಲಿಲ್ಲ.

ನನ್ನ ಹೆಂಡತಿ ಸುಮಾಗೆ ಆಫೀಸಿನ ಸಭೆಗೆಂದು ರೋಮಿಗೆ ಹೋಗುವುದಿತ್ತು. ನಾನೂ ರಜೆ ಹಾಕಿ ಹೊರಟೆ. ವಿಷಯ ತಿಳಿದ ಟೀಚರ್ ಗೆರೆ ಹಾಳೆಯ ಮೇಲೆ ನೋಡಬೇಕಾದ ಜಾಗಗಳನ್ನು ಬರೆದುಕೊಟ್ಟರು. ಕೊಲೋಸಿಯಂ, ಫೋರಮ್, ಪ್ಯಾಂಥಿಯನ್. ಕೊನೆಯದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು: ಅವೆಂಟೀನ್ ಗುಡ್ಡದ ಕಿತ್ತಳೆ ತೋಟ.

"ಉಳಿದದ್ದು ಬಿಟ್ಟರೂ ಅಡ್ಡಿಯಿಲ್ಲ, ಇದೊಂದು ಬಿಡಬೇಡ ಮಾರಾಯ" ಎಂದರು. "ಮೂವತ್ತು ವರ್ಷದ ಹಿಂದೆ ಲಂಡನ್‌ಗೆ ಹೋಗುವಾಗ ನಾವಿಬ್ಬರು ದಾರಿಯಲ್ಲಿ ಎರಡು ದಿನ ಅಲ್ಲಿ ಇಳಿದಿದ್ದೆವು. ಆ ತೋಟದ ತುದಿಯಲ್ಲಿ ಒಂದು ಗೋಡೆ ಉಂಟು. ಅಲ್ಲಿಂದ ಇಡೀ ಊರು ಕಾಣ್ತದೆ. ನಮ್ಮ ಪರವಾಗಿ ಹತ್ತು ನಿಮಿಷ ನಿಂತು ಬಾ."

ಅಂಕಲ್ ನನ್ನನ್ನೇ ನೋಡುತ್ತಿದ್ದರು. ನಾನು ಆಣೆ ಇಟ್ಟವನ ಹಾಗೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಸುಮಾ ಸಭೆಯಲ್ಲಿದ್ದಳು, ಊರು ನೋಡಲು ನನಗಿದ್ದದ್ದು ಒಂದೇ ದಿನ. ಕೊಲೋಸಿಯಮ್ಮಿನ ಸಾಲಿನಲ್ಲಿ ಬಿಸಿಲಿಗೆ ನಿಂತೆ. ಫೋರಮ್ಮಿನ ಕಂಬಗಳು ನನ್ನ ಅಜ್ಞಾನಕ್ಕೆ ಎಲ್ಲವೂ ಒಂದೇ ಥರ ಕಂಡವು. ಪ್ಯಾಂಥಿಯನ್ನಿನ ಚಾವಣಿಯ ನಡುವಿನ ದೊಡ್ಡ ಕಂಡಿಯಿಂದ ಬಿಸಿಲು ವೃತ್ತಾಕಾರವಾಗಿ ಇಳಿದು ಗೋಡೆಯ ಮೇಲೆ ಸರಿಯುತ್ತಿತ್ತು; ಅಲ್ಲಿ ಮಾತ್ರ ಬಹಳ ಹೊತ್ತು ನಿಂತಿದ್ದೆ. ಹೊರಗೆ ಬರುವಷ್ಟರಲ್ಲಿ, ಶೋಕಿಗೆಂದು ಹಾಕಿಕೊಂಡಿದ್ದ ಹೊಸ ಬೂಟು ಎರಡೂ ಹಿಮ್ಮಡಿಯನ್ನು ಕಚ್ಚಿತ್ತು. ಕುಂಟುತ್ತಾ ಒಂದು ಚೌಕ ತಲುಪಿದೆ. ಚೌಕದ ನಡುವೆ, ರಸ್ತೆಗಿಂತ ಎಷ್ಟೋ ಕೆಳಗೆ, ಮುರಿದ ಕಂಬಗಳ ಹಳ್ಳ. ಅದರ ತುಂಬ ಬೆಕ್ಕುಗಳು. ಐಸ್‌ಕ್ರೀಮ್ ಕೊಂಡು ಕೂತು ಬೂಟು ಬಿಚ್ಚಿದೆ. ಕಂದು ಬೆಕ್ಕೊಂದು ಕಂಬದ ತುಂಡಿನ ಮೇಲೆ ಮಲಗಿ ಬಾಲ ಆಡಿಸುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ಸಂಜೆಯಾಯಿತು. ಗುಡ್ಡ ಹತ್ತುವ ಮನಸ್ಸಾಗಲಿಲ್ಲ. ಮರುದಿನ ಬೆಳಗ್ಗೆ ವಿಮಾನವಿತ್ತು.

ಭಾನುವಾರ ಕೆಳಗಿನ ಮನೆಗೆ ಹೋದೆ. ಟೀಚರ್ ಅಂಕಲ್ಲಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂರಿಸಿದ್ದರು.

"ತೋಟಕ್ಕೆ ಹೋದೆಯಾ?"

ಇಲ್ಲ ಎನ್ನಲು ಬಾಯಿ ತೆರೆದವನು, ಆ ಅಂಗಿಯನ್ನು ನೋಡಿ, "ಹೋಗಿದ್ದೆ ಟೀಚರ್. ಹತ್ತು ನಿಮಿಷ ಏನು, ಅರ್ಧ ಗಂಟೆ ನಿಂತಿದ್ದೆ" ಎಂದೆ. ಸುಳ್ಳು ಹೇಳುವವನಿಗೆ ಅಷ್ಟಕ್ಕೇ ನಿಲ್ಲಿಸಲು ಧೈರ್ಯವಿರುವುದಿಲ್ಲ. "ಒಂದು ಹಣ್ಣು ಕೆಳಗೆ ಬಿದ್ದಿತ್ತು. ತಿಂದು ನೋಡಿದೆ. ಎಷ್ಟು ಸಿಹಿ ಅಂತೀರಿ."

ಟೀಚರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಅಂಕಲ್ ಅವರ ಭುಜ ಕುಲುಕತೊಡಗಿತು. ನನಗೆ ಗಾಬರಿಯಾಯಿತು, ನೋಡಿದರೆ ನಗುತ್ತಿದ್ದಾರೆ. ಚೆನ್ನಾಗಿದ್ದ ಕೈಯನ್ನು ಚಾಚಿ ನನ್ನ ಮಣಿಕಟ್ಟು ಹಿಡಿದು, ಬಹಳ ಕಷ್ಟಪಟ್ಟು, "ಗೋಡ್" ಎಂದರು. ಕೊಂಕಣಿಯಲ್ಲಿ ಸಿಹಿ ಎಂದು. ಟೀಚರ್ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಆಮೇಲೆ ಪ್ರತಿ ಭಾನುವಾರ ಅಂಕಲ್ ನನ್ನನ್ನು ಕಂಡೊಡನೆ "ಗೋಡ್?" ಎನ್ನುವರು. ನಾನು "ತುಂಬಾ ಸಿಹಿ ಅಂಕಲ್" ಎನ್ನುವೆ. ಅವರು ನಗುವರು. ಮನೆಗೆ ಬಂದು ನಾನು ಮೊಬೈಲಿನಲ್ಲಿ ಆ ತೋಟದ ಚಿತ್ರಗಳನ್ನು ನೋಡಿ, ಮುಂದಿನ ವಾರ ಏನಾದರೂ ಕೇಳಿದರೆ ಇರಲೆಂದು ಮರಗಳನ್ನು ಎಣಿಸುತ್ತಿದ್ದೆ. ಸುಮಾ ಒಮ್ಮೆ, "ಇಷ್ಟು ಕಷ್ಟಪಡೋ ಬದಲು ಅವತ್ತೇ ಟ್ಯಾಕ್ಸಿ ಹಿಡಿದು ಹೋಗಿಬರಬಹುದಿತ್ತಲ್ಲ" ಎಂದಳು.

ಆ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಅಂಕಲ್ ತೀರಿಕೊಂಡರು. ನಾಲ್ಕೈದು ವಾರ ನಾನು ಕೆಳಗಿನ ಮನೆಯಲ್ಲಿ ಹೆಚ್ಚು ಹೊತ್ತು ಕೂರಲಾರದೆ ಎದ್ದು ಬರುತ್ತಿದ್ದೆ. ಕೊನೆಗೊಂದು ದಿನ ಹೇಳಿಬಿಟ್ಟೆ.

"ಟೀಚರ್, ನಾನು ಆ ತೋಟಕ್ಕೆ ಹೋಗೇ ಇರಲಿಲ್ಲ. ಐಸ್‌ಕ್ರೀಮ್ ತಿನ್ನುತ್ತಾ ಬೆಕ್ಕು ನೋಡಿಕೊಂಡು ಒಂದು ಕಡೆ ಕೂತುಬಿಟ್ಟೆ."

"ಅದು ನನಗೆ ಆ ದಿನವೇ ಗೊತ್ತಿತ್ತು" ಎಂದರು ಅವರು. "ಅಲ್ಲಿಯ ಕಿತ್ತಳೆ ಬಾಯಿಗಿಡಲಿಕ್ಕಾಗುವುದಿಲ್ಲ. ಅಷ್ಟು ಕಹಿ. ಇವರು ಅವತ್ತು ನಾನು ಬೇಡ ಅಂದರೂ ಒಂದು ಹೆಕ್ಕಿ ಕಚ್ಚಿದರು. ನನ್ನೆದುರು ಸೋಲಬಾರದು ಅಂತ, ಸಿಹಿ ಉಂಟು, ಸಿಹಿ ಉಂಟು ಅಂತ ಇಡೀ ಹಣ್ಣು ತಿಂದರು. ಕಣ್ಣಲ್ಲೆಲ್ಲ ನೀರು. ನೀನು ಬಂದು ಅದೇ ಸುಳ್ಳು ಹೇಳಿದೆ. ಎಂಟು ತಿಂಗಳ ಮೇಲೆ ನಾನು ಅವರ ಸ್ವರ ಕೇಳಿದ್ದು. ನಿನಗೆ ಬೈಯುವುದು ಹೇಗೆ?"

ಹೋದ ವರ್ಷ ಸುಮಾಗೆ ಮತ್ತೆ ರೋಮಿನಲ್ಲಿ ಸಭೆ ಬಂತು. ಈ ಸಲ ಟೀಚರನ್ನೂ ಕರೆದುಕೊಂಡು ಹೋದೆವು. ಇಲ್ಲಿನ ಎಂಬಕಸಿ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಂದರೆ, "ನನಗಿನ್ನೂ ಕಾಲುಂಟು" ಎಂದು ಮುಂದೆ ನಡೆದರು. ರೋಮಿನಲ್ಲಿ ಮೊದಲ ಬೆಳಗ್ಗೆಯೇ ನಾನು ಅವೆಂಟೀನ್ ಗುಡ್ಡಕ್ಕೆ ಟ್ಯಾಕ್ಸಿ ಕರೆಯಲು ಹೊರಟೆ.

"ಅಲ್ಲಿಗೆ ಬೇಡ" ಎಂದರು ಟೀಚರ್. "ಅಲ್ಲಿಗೆ ನಾನು ಮಾರ್ಸೆಲ್ ಜೊತೆ ಹೋದದ್ದುಂಟು. ಅದು ಹಾಗೇ ಇರಲಿ. ನೀನು ಅವತ್ತು ಕೂತದ್ದೆಲ್ಲಿ? ಅದನ್ನು ತೋರಿಸು."

ನಾಚಿಕೆಯಿಂದಲೇ ಆ ಬೆಕ್ಕುಗಳ ಚೌಕಕ್ಕೆ ಕರೆದೊಯ್ದೆ. ಟೀಚರ್ ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿದರು. ಪಕ್ಕದ ಫಲಕ ಓದಿದರು. ನನ್ನ ಕಡೆ ತಿರುಗಿದರು.

"ಸೀಸರನನ್ನು ಕೊಂದದ್ದು ಇಲ್ಲಿ ಮಾರಾಯ. ಇಲ್ಲಿ ಕೂತು ನೀನು ಐಸ್‌ಕ್ರೀಮ್ ತಿಂದೆಯಾ?"

ಮೂವತ್ತೈದು ವರ್ಷ ಯಾವುದರ ಬಗ್ಗೆ ಪಾಠ ಮಾಡಿದ್ದರೋ ಆ ಜಾಗವನ್ನು ಅವರು ಕಣ್ಣಾರೆ ನೋಡಿದ್ದು ಅದೇ ಮೊದಲಂತೆ. ನನ್ನ ಪಕ್ಕ ಕೂತು, ಯಾರು ಎತ್ತಲಿಂದ ಬಂದರು, ಎಲ್ಲಿ ಇರಿದರು ಎಂದು ಕೈಯಾಡಿಸಿ ಹೇಳತೊಡಗಿದರು. ನಾನು ಜೀವನದಲ್ಲಿ ಮೊದಲ ಬಾರಿಗೆ ಚರಿತ್ರೆಯ ಪಾಠವನ್ನು ಮನಸ್ಸಿಟ್ಟು ಕೇಳಿದೆ. ಮುಗಿಸಿದ ಮೇಲೆ, "ಮಾರ್ಸೆಲ್‌ಗೂ ಇದನ್ನು ತೋರಿಸಬೇಕಿತ್ತು" ಎಂದರು.

ಈಗಲೂ ಭಾನುವಾರ ಕೆಳಗಿನ ಮನೆಗೆ ಹೋಗುತ್ತೇನೆ. ನಿನ್ನೆ ಹೋದಾಗ ನಾನು ಮೊಂಬಾಸಾದಿಂದ ಬಂದು ಎರಡು ದಿನವಾಗಿತ್ತು.

"ಪೋರ್ಚುಗೀಸರ ಕೋಟೆ ನೋಡಿದೆಯಾ?" ಎಂದರು ಟೀಚರ್.

"ಇಲ್ಲ ಟೀಚರ್. ಬಿಸಿಲು ಜಾಸ್ತಿ ಇತ್ತು. ಸಮುದ್ರದ ಹತ್ತಿರ ಒಂದು ಮರದ ಕೆಳಗೆ ನಿದ್ದೆ ಮಾಡಿಬಿಟ್ಟೆ."

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಹಾಗಾದರೆ ಆ ಮರದ್ದು ಹೇಳು."